ಗೇಟಿನೊಳಗೆ ಕೊಟ್ಟ ಹೆಣ್ಣು

(ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರು ಅಜ್ಜಂಪುರದಲ್ಲಿ ಸೇರಿದ್ದ ಸಭೆಯಲ್ಲಿ, ನಿವೃತ್ತ ಅರ್ಥಶಾಸ್ತ್ರ ಉಪನ್ಯಾಸಕಿಯೊಬ್ಬರು ಆಡಿದ ಮಾತುಗಳ ಬರಹ ರೂಪ.)



ನಿಮ್ಮ ಒಕ್ಕೂಟದವರು ನನ್ನನ್ನು ಕರೆಯಲು ಮನೆಗೆ ಬಂದಾಗ ‘ಮೇಡಂ, ವರದಕ್ಷಿಣೆ ಬಗ್ಗೆ ಮಾತಾಡಿ’ ಎಂದರು. ವರದಕ್ಷಿಣೆ ಸಾಮಾಜಿಕ ಪಿಡುಗು ಎಂದು ನಾನು ಮೂವತ್ತು ವರ್ಷದಿಂದ ವೇದಿಕೆಗಳ ಮೇಲೆ ಹೇಳುತ್ತಾ ಬಂದಿದ್ದೇನೆ. ಕೇಳಿದವರು ಚಪ್ಪಾಳೆ ತಟ್ಟಿದ್ದಾರೆ. ಅವರಲ್ಲಿ ಕೆಲವರು ಮನೆಗೆ ಹೋಗಿ ಮಗನ ಮದುವೆಗೆ ಕಾರು ಕೇಳಿದ್ದಾರೆ. ಹಾಗಾಗಿ ಇವತ್ತು ಪಿಡುಗಿನ ಭಾಷಣ ಬೇಡ ಅಂದುಕೊಂಡೆ. ನಾವು ನಮ್ಮ ಹೆಣ್ಣುಮಕ್ಕಳನ್ನು ಎಂಥ ಮನೆಗೆ ಕೊಡುತ್ತಿದ್ದೇವೆ, ಕಷ್ಟ ಬಂದ ದಿನ ಆ ಮನೆಯ ಬಾಗಿಲಿಗೆ ನಾವು ಹೋಗಿ ನಿಲ್ಲಲು ಸಾಧ್ಯವೇ, ಇಷ್ಟನ್ನು ಮಾತ್ರ ಮಾತಾಡೋಣ.

ನನ್ನ ಮದುವೆಯ ಕಾಲದಲ್ಲಿ ಗಂಡಿನ ಮನೆ ನೋಡಲು ಹೋದವರು ಮೊದಲು ತೋಟ ನೋಡುತ್ತಿದ್ದರು. ಎಷ್ಟು ಎಕರೆ, ಎಷ್ಟು ತೆಂಗಿನ ಮರ, ಬೇಸಿಗೆಯಲ್ಲಿ ಬಾವಿಯಲ್ಲಿ ನೀರು ನಿಲ್ಲುತ್ತದೆಯೇ ಎಂದು ವಿಚಾರಿಸುತ್ತಿದ್ದರು. ಆಮೇಲೆ ಬೋರ್‌ವೆಲ್ ಬಂತು, ಎಷ್ಟು ಇಂಚು ನೀರು ಬಿದ್ದಿದೆ ಎಂದು ಕೇಳತೊಡಗಿದರು. ಈಗ ನಮ್ಮ ಕಡೆ ತೋಟ ನೋಡಿಕೊಂಡಿರುವ ಹುಡುಗನಿಗೆ ಹೆಣ್ಣು ಸಿಗುವುದೇ ಕಷ್ಟ. ಮೂವತ್ತೈದು ದಾಟಿದ ಗಂಡುಗಳು ಊರೂರಲ್ಲಿ ಕೂತಿದ್ದಾರೆ. ಹೆಣ್ಣು ಹೆತ್ತವರಿಗೆ ಬೇಕಾಗಿರುವುದು ಬೆಂಗಳೂರಿನ ಫ್ಲಾಟು. ಅದರಲ್ಲೂ ಎರಡು ವರ್ಷದಿಂದ ಒಂದು ಹೊಸ ಮಾತು ಕೇಳುತ್ತಿದ್ದೇನೆ: ‘ಗೇಟೆಡ್ ಕಮ್ಯುನಿಟಿಯಂತೆ ಮೇಡಂ, ಈಜುಕೊಳ ಇದೆಯಂತೆ, ಸೆಕ್ಯುರಿಟಿ ಇದೆಯಂತೆ, ಹೊರಗಿನವರು ಒಬ್ಬರೂ ಒಳಗೆ ಬರೋ ಹಾಗಿಲ್ಲವಂತೆ.’

ಆ ಕೊನೆಯ ಮಾತನ್ನು ಹೇಳುವಾಗ ತಾಯಂದಿರ ಮುಖದಲ್ಲಿ ಸಮಾಧಾನ ಇರುತ್ತದೆ. ಹೊರಗಿನವರು ಎಂದರೆ ಕಳ್ಳರು ಎಂದು ಅವರು ತಿಳಿದಿದ್ದಾರೆ.

ನಾನು ಅಂಥ ಒಂದು ಕಡೆ ಮೂರು ತಿಂಗಳು ಇದ್ದು ಬಂದವಳು. ತಂಗಿಯ ಮಗಳ ಬಾಣಂತನಕ್ಕೆ ಹೋಗಿದ್ದೆ. ಸರ್ಜಾಪುರ ರಸ್ತೆಯ ಕಡೆ, ಹೆಸರು ಬೇಡ. ಆ ಹೆಸರುಗಳೆಲ್ಲ ಇಂಗ್ಲಿಷಿನವು, ತಾಳೆಮರ, ಹುಲ್ಲುಗಾವಲು, ಕಾಮನಬಿಲ್ಲು ಎಂದು ಅರ್ಥ ಬರುವಂಥವು. ರಾಗಿ ಬೆಳೆಯುತ್ತಿದ್ದ ಊರುಗಳ ಹೆಸರು ಬಸ್ಸಿನ ಬೋರ್ಡಿನಲ್ಲಿ ಮಾತ್ರ ಉಳಿದಿದೆ. ಬೆಂಗಳೂರಿನಲ್ಲಿ ಇಂಥ ಪ್ರತ್ಯೇಕ ನೆಲೆಗಳ ಆಸೆ ತೀರಾ ಹೊಸದೂ ಅಲ್ಲ. 1882ರಲ್ಲಿ ಚಾಮರಾಜ ಒಡೆಯರ್ ಅವರು ಆಂಗ್ಲೋ ಇಂಡಿಯನ್ನರಿಗೆ ಜಮೀನು ಕೊಟ್ಟದ್ದರಿಂದ ವೈಟ್‌ಫೀಲ್ಡ್ ಆಯಿತು. ಆದರೆ ಅವರು ಬೇಸಾಯ ಮಾಡಿಕೊಂಡು ಇರಲು ಬಂದವರು. ಈಗಿನ ಗೋಡೆಗಳು ಬಂದದ್ದು 1990ರ ದಶಕದಲ್ಲಿ ಅದೇ ವೈಟ್‌ಫೀಲ್ಡಿಗೆ ತಂತ್ರಜ್ಞಾನ ಪಾರ್ಕು ಬಂದ ಮೇಲೆ.

ಸುಳ್ಳು ಹೇಳಬಾರದು, ಅಲ್ಲಿ ನನಗೆ ಹಿತವಾಗಿಯೇ ಇತ್ತು. ರಾತ್ರಿ ಹತ್ತು ಗಂಟೆಗೆ ಹೆಣ್ಣುಮಕ್ಕಳು ಒಬ್ಬೊಬ್ಬರೇ ನಡೆದಾಡುತ್ತಾರೆ. ನಾನು ಹುಟ್ಟಿದ ಮೇಲೆ ಅಷ್ಟು ಹೊತ್ತಿನಲ್ಲಿ ಬೀದಿಯಲ್ಲಿ ಒಬ್ಬಳೇ ನಡೆದದ್ದು ಅದೇ ಮೊದಲು. ಮಕ್ಕಳಿಗೆ ಆಟದ ಬಯಲಿದೆ, ಕರೆಂಟು ಹೋದರೆ ಜನರೇಟರ್ ತಾನಾಗಿ ಹತ್ತಿಕೊಳ್ಳುತ್ತದೆ. ನವೆಂಬರ್ ತಿಂಗಳಲ್ಲಿ ರಾಜ್ಯೋತ್ಸವಕ್ಕೆ ಡೊಳ್ಳು ಕುಣಿತದವರನ್ನು ಹೊರಗಿನಿಂದ ಕರೆಸಿದರು. ಡೊಳ್ಳಿನವರಲ್ಲಿ ಒಬ್ಬ ನಮ್ಮ ಬೀರೂರು ಕಡೆಯವನು, ಅವನನ್ನು ಮಾತಾಡಿಸಿ ಸಂತೋಷಪಟ್ಟೆ. ನಿರ್ವಹಣಾ ಶುಲ್ಕ ಎಂದು ಚದರಡಿಗೆ ನಾಲ್ಕೈದು ರೂಪಾಯಿ ಲೆಕ್ಕದಲ್ಲಿ ತಿಂಗಳು ತಿಂಗಳು ಕಟ್ಟಬೇಕು. ಸಾವಿರದ ಐನೂರು ಚದರಡಿಯ ಮನೆಗೆ ಅದೇ ಆರೇಳು ಸಾವಿರ ಆಗುತ್ತದೆ. ಬ್ಯಾಂಕಿನ ಕಂತು ಬೇರೆ. ನಾನು ಅರ್ಥಶಾಸ್ತ್ರದವಳು, ಲೆಕ್ಕ ಹಾಕದೆ ನಿದ್ದೆ ಬರುವುದಿಲ್ಲ. ಅಲ್ಲಿ ಬಹಳ ಮನೆಗಳು ಸಾಲದ ಮೇಲೆ ನಿಂತಿವೆ. ಸಾಲದ ಕಂತಿನ ಚಿಂತೆ ರಾತ್ರಿ ಯಾರ ಮೈಮೇಲೆ ಇಳಿಯುತ್ತದೆ ಎಂಬುದು ನಿಮಗೆ ಗೊತ್ತಿರುವ ವಿಷಯ.

ನೀರಿನ ವಿಷಯದಲ್ಲಿ ಮಾತ್ರ ನಮ್ಮ ಅಯ್ಯನಕೆರೆ, ಮದಗದ ಕೆರೆಯ ನೀರುಗಂಟಿಗೆ ಇದ್ದ ಬುದ್ಧಿ ಆ ಬಿಲ್ಡರುಗಳಿಗೆ ಇರಲಿಲ್ಲ. ಕೋಡಿ ಬಿದ್ದ ನೀರು ಹರಿಯುವ ದಾರಿಯಲ್ಲಿ ಮನೆ ಕಟ್ಟಬಾರದು ಎಂದು ಇಲ್ಲಿ ಕುರಿ ಕಾಯುವ ಹುಡುಗನಿಗೂ ಗೊತ್ತು. ಅಲ್ಲಿ ಕೆರೆಯಿಂದ ಕೆರೆಗೆ ಹೋಗುವ ರಾಜಕಾಲುವೆಗಳನ್ನು ಒತ್ತಿ ಕಟ್ಟಿದರು. 2022ರ ಸೆಪ್ಟೆಂಬರಿನಲ್ಲಿ ಮಳೆ ಹಿಡಿದಾಗ ಯಮಲೂರಿನ ಎಪ್ಸಿಲಾನ್, ಸರ್ಜಾಪುರ ರಸ್ತೆಯ ರೈನ್‌ಬೋ ಡ್ರೈವ್ ಮುಂತಾದ ಬಡಾವಣೆಗಳಲ್ಲಿ ಕೋಟಿಗಟ್ಟಲೆ ಬೆಲೆಯ ಮನೆಗಳು ಮುಳುಗಿದವು. ಕಾರುಗಳು ತೇಲಿದವು. ಅಲ್ಲಿದ್ದವರನ್ನು ಟ್ರಾಕ್ಟರಿನಲ್ಲಿ, ದೋಣಿಯಲ್ಲಿ ಹೊರಗೆ ತಂದರು. ಟಿವಿಯಲ್ಲಿ ನೀವೂ ನೋಡಿರಬಹುದು. ಅವತ್ತು ಗೇಟು ತೆರೆದೇ ಇತ್ತು.

ಈಗ ಆ ಗೇಟಿನ ವಿಷಯಕ್ಕೆ ಬರುತ್ತೇನೆ. ಅದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದುಕೊಳ್ಳಿ. ನೀವು ಹೋಗಿ ನಿಂತರೆ ಕಾವಲಿನವನು ಹೆಸರು, ಫೋನ್ ನಂಬರು, ಯಾವ ಮನೆ ಎಂದು ಕೇಳಿ ಮೊಬೈಲಿನಲ್ಲಿ ಒತ್ತುತ್ತಾನೆ. ಆ ಮನೆಯವರ ಮೊಬೈಲಿಗೆ ನಿಮ್ಮ ಹೆಸರು, ಕೆಲವು ಕಡೆ ನಿಮ್ಮ ಫೋಟೋ ಕೂಡ ಹೋಗುತ್ತದೆ. ಅವರು ‘ಬಿಡಿ’ ಎಂದು ಒತ್ತಿದರೆ ಉಂಟು, ‘ಬೇಡ’ ಎಂದು ಒತ್ತಿದರೆ ಇಲ್ಲ. ಮನೆಗೆಲಸದವರಿಗೆ ಗುರುತಿನ ಚೀಟಿ ಇದೆ. ಬಂದ ಹೊತ್ತು, ಹೋದ ಹೊತ್ತು ದಾಖಲಾಗುತ್ತದೆ. ಹೋಗುವಾಗ ಚೀಲ ಬಿಚ್ಚಿ ತೋರಿಸಬೇಕು. ಎಷ್ಟೋ ಕಡೆ ಅವರಿಗೆ ಬೇರೆ ಲಿಫ್ಟು. ಕರ್ನಾಟಕ ಸರ್ಕಾರ 2004ರಲ್ಲೇ ಮನೆಗೆಲಸವನ್ನು ಕನಿಷ್ಠ ಕೂಲಿ ಕಾಯ್ದೆಯ ಅಡಿಗೆ ತಂದಿತು. ಆ ವಿಷಯ ಹೇಳಿದಾಗ ನನ್ನ ತಂಗಿಯ ಮಗಳ ನೆರೆಯವರು, ಎಲ್ಲರೂ ಎಂಜಿನಿಯರುಗಳು, ಬೆರಗಾಗಿ ನೋಡಿದರು. ಅಲ್ಲಿಯ ವಾಟ್ಸಾಪ್ ಗುಂಪಿನಲ್ಲಿ ದಿನಕ್ಕೆ ಇನ್ನೂರು ಸಂದೇಶ. ನಾಯಿ ಗಲೀಜು ಮಾಡಿದ್ದಕ್ಕೆ ಜಗಳ, ಕಾರು ನಿಲ್ಲಿಸಿದ್ದಕ್ಕೆ ಜಗಳ. ಯಾವ ಮನೆಯಲ್ಲಿ ಹೆಂಗಸು ಕೂಗಿಕೊಂಡಳು ಎಂದು ಒಂದು ದಿನವೂ ಯಾರೂ ಬರೆಯಲಿಲ್ಲ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಕತೆ ಹೇಳುತ್ತೇನೆ. ಅವಳ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಹೆಸರು ಹೇಳುವುದಿಲ್ಲ, ಕೆಲವು ಗುರುತು ಬದಲಿಸಿದ್ದೇನೆ.

ಇಲ್ಲೇ ಅಜ್ಜಂಪುರಕ್ಕೆ ಹತ್ತಿರದ ಹಳ್ಳಿ. ಬಿ.ಕಾಂ.ನಲ್ಲಿ ಮುಂದಿನ ಬೆಂಚಿನ ಹುಡುಗಿ, ಲೆಕ್ಕದಲ್ಲಿ ಚುರುಕು. ಕಂಪ್ಯೂಟರ್ ಕಂಪನಿಯ ಹುಡುಗ ಸಿಕ್ಕಿದ. ‘ನಮಗೆ ವರದಕ್ಷಿಣೆ ಬೇಡ’ ಎಂದು ಅವರ ಕಡೆಯವರು ಮೊದಲೇ ಹೇಳಿದರು. ಎಲ್ಲರೂ ಹೊಗಳಿದರು. ನಿಶ್ಚಿತಾರ್ಥ ಆದ ಮೇಲೆ, ‘ಫ್ಲಾಟ್ ಬುಕ್ ಮಾಡುತ್ತಿದ್ದಾರೆ, ಮುಂಗಡಕ್ಕೆ ಸ್ವಲ್ಪ ಕಡಿಮೆ ಬೀಳುತ್ತಿದೆ, ನಾಳೆ ನಿಮ್ಮ ಮಗಳೇ ಇರುವ ಮನೆಯಲ್ಲವೇ’ ಎಂದರು. ಕೇಳಿದಿರಾ, ಬೇಡಿಕೆಗೆ ಎಷ್ಟು ಒಳ್ಳೆಯ ಬಟ್ಟೆ ಉಡಿಸಿದ್ದಾರೆ. ಅಪ್ಪ ಎರಡು ಎಕರೆ ತೆಂಗಿನ ತೋಟ ಮಾರಿದ. ಹಣ ಅಳಿಯನ ಖಾತೆಗೆ ಹೋಯಿತು. ಮನೆ ನೋಂದಣಿ ಆದದ್ದು ಅಳಿಯ ಮತ್ತು ಅವನ ತಾಯಿಯ ಹೆಸರಿಗೆ. ಅದೇ ತಿಂಗಳು ಹುಡುಗಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ತವರಿನ ಉಳಿದ ಜಮೀನಿನ ಮೇಲೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದಳು. ‘ನಿನಗೆ ಕೊಟ್ಟಾಯಿತಲ್ಲಮ್ಮ’ ಎಂದು ಅಣ್ಣ ಹೇಳಿದ.

ಮದುವೆಯಾಗಿ ಎಂಟು ತಿಂಗಳಿಗೆ ಹೊಡೆತ ಶುರುವಾಯಿತು. ಕಾರಣ ಏನೆಂದು ನನ್ನನ್ನು ಕೇಳಬೇಡಿ. ಸಾರಿಗೆ ಉಪ್ಪು ಕಡಿಮೆಯಾದದ್ದೂ ಕಾರಣ, ಮನೆಯ ಕಂತಿಗೆ ಅವಳ ಅಪ್ಪ ಇನ್ನೂ ಕೊಡಲಿಲ್ಲ ಎಂಬುದೂ ಕಾರಣ. ಅವಳ ಮೊಬೈಲು ಅತ್ತೆಯ ಕೈಯಲ್ಲಿ. ತವರಿಗೆ ಫೋನು ಮಾಡುವಾಗ ಪಕ್ಕದಲ್ಲೇ ಗಂಡ. ‘ಚೆನ್ನಾಗಿದ್ದೀನಿ ಅಪ್ಪಾಜಿ’ ಎಂದು ಹೇಳುತ್ತಿದ್ದಳಂತೆ. ಹದಿನಾಲ್ಕನೇ ಮಹಡಿಯ ಮನೆ, ಎರಡು ಕಡೆ ಗಾಜಿನ ಕಿಟಕಿ, ಹೊರಗೆ ಒಂದು ಸದ್ದೂ ಕೇಳುವುದಿಲ್ಲ. ಮೊನ್ನೆ ಮೊನ್ನೆಯವರೆಗೂ ಆ ನಿಶ್ಶಬ್ದಕ್ಕೇ ಅವಳ ತಾಯಿ ಹೆಮ್ಮೆಪಟ್ಟಿದ್ದಳು.

ಮಗಳ ದನಿಯಲ್ಲಿ ಏನೋ ವ್ಯತ್ಯಾಸ ಕಂಡು ಅಪ್ಪ ಒಂದು ದಿನ ಹೊರಟ. ಅಜ್ಜಂಪುರದಲ್ಲಿ ರೈಲು ಹತ್ತಿ ಯಶವಂತಪುರದಲ್ಲಿ ಇಳಿದು, ಮೂರು ಬಸ್ಸು ಬದಲಿಸಿ, ಹನ್ನೊಂದು ಗಂಟೆಗೆ ಗೇಟಿನ ಮುಂದೆ ನಿಂತ. ಕೈಯಲ್ಲಿ ಹದಿನೈದು ತೆಂಗಿನಕಾಯಿಯ ಚೀಲ, ಒಂದು ಡಬ್ಬಿ ಕೊಬ್ಬರಿ ಮಿಠಾಯಿ. ಕಾವಲಿನ ಹುಡುಗ ಅಸ್ಸಾಮಿನವನು, ಕನ್ನಡ ಬಾರದು. ಮೊಬೈಲಿನಲ್ಲಿ ಒತ್ತಿದ. ‘ಬೇಡ’ ಎಂದು ಬಂತು. ಅಪ್ಪ ತಪ್ಪಾಗಿ ಒತ್ತಿರಬೇಕು ಎಂದು ಮತ್ತೊಮ್ಮೆ ಹಾಕಿಸಿದ. ಮತ್ತೆ ‘ಬೇಡ’. ಮೂರನೇ ಸಲವೂ ಅದೇ. ಮಗಳಿಗೆ ಫೋನು ಮಾಡಿದರೆ ಸ್ವಿಚ್ ಆಫ್. ಅಳಿಯನಿಗೆ ಮಾಡಿದರೆ, ಮೀಟಿಂಗಿನಲ್ಲಿದ್ದೇನೆ, ಹೇಳದೆ ಕೇಳದೆ ಬಂದರೆ ಹೇಗೆ ಎಂದ. ಆ ಮನುಷ್ಯ ಸಂಜೆ ಐದರವರೆಗೆ ಎದುರಿನ ಫುಟ್‌ಪಾತಿನಲ್ಲಿ ಚೀಲದ ಪಕ್ಕ ಕೂತಿದ್ದ. ಕಾವಲಿನ ಹುಡುಗನೇ ಎರಡು ಸಲ ನೀರು ಕೊಟ್ಟನಂತೆ. ಹೊರಡುವಾಗ ತೆಂಗಿನಕಾಯಿಯನ್ನು ಅವನಿಗೇ ಕೊಟ್ಟು ಬಂದ.

ಮಾರನೆಯ ದಿನ ನನ್ನ ಮನೆಗೆ ಬಂದು ಇದನ್ನು ಹೇಳುವಾಗ ಅಳಲಿಲ್ಲ. ‘ಅಮ್ಮಾ, ಆ ಮನೆಗೆ ದುಡ್ಡು ಕೊಟ್ಟೋನು ನಾನು. ಅದರ ಗೇಟಿನಲ್ಲಿ ನನ್ನ ಹೆಸರಿಲ್ಲ’ ಎಂದ.

ಅವಳು ಹೊರಗೆ ಬಂದದ್ದು ಮನೆಗೆಲಸದ ಹೆಂಗಸಿನಿಂದ. ಆಕೆ ರಾಯಚೂರು ಕಡೆಯವಳು, ಗೋಡೆಯಾಚೆ ಶೆಡ್ಡಿನಲ್ಲಿ ವಾಸ. ಆ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ಅಷ್ಟು ದೊಡ್ಡ ಸಮುಚ್ಚಯದಲ್ಲಿ ತಿಳಿದಿದ್ದವಳು ಆಕೆ ಒಬ್ಬಳೇ. ನೆಲ ಒರೆಸುವವಳಿಗೆ ಒಡೆದ ಬಳೆ ಕಾಣದೆ ಇರುತ್ತದೆಯೇ? ಒಂದು ದಿನ ಬಚ್ಚಲು ತೊಳೆಯುವ ನೆಪದಲ್ಲಿ ತನ್ನ ಫೋನನ್ನು ಒಳಗೆ ಕೊಟ್ಟಳು. ಹುಡುಗಿ 112ಕ್ಕೆ ಮಾತಾಡಿದಳು, ಆಮೇಲೆ ನನಗೆ. ಪೊಲೀಸರು ಬಂದರು. ಕಾವಲಿನವರು ಅವರನ್ನೂ ನಿಲ್ಲಿಸಿ ಮೊಬೈಲಿನಲ್ಲಿ ಒತ್ತಲು ಹೋದರಂತೆ, ಅಭ್ಯಾಸಬಲ. ಅವಳು ಉಟ್ಟ ಬಟ್ಟೆಯಲ್ಲಿ, ಎದೆಗೆ ಮಾರ್ಕ್ಸ್ ಕಾರ್ಡಿನ ಕವರು ಒತ್ತಿಕೊಂಡು ಹೊರಗೆ ಬಂದಳು. ಮನೆಗೆಲಸದ ಹೆಂಗಸಿನ ಗುರುತಿನ ಚೀಟಿಯನ್ನು ಅದೇ ವಾರ ರದ್ದು ಮಾಡಿದರು. ‘ನಿವಾಸಿಗಳ ಖಾಸಗಿ ವಿಷಯದಲ್ಲಿ ತಲೆಹಾಕಿದ್ದು’ ಆಕೆಯ ತಪ್ಪು. ಇದ್ದ ನಾಲ್ಕು ಮನೆಯ ಕೆಲಸವೂ ಹೋಯಿತು.

ನಮಗೆಲ್ಲ ‘ಕೆರೆಗೆ ಹಾರ’ದ ಕತೆ ಗೊತ್ತು. ಕೆರೆಗೆ ಬಲಿ ಕೊಡಲು ಕಿರಿಸೊಸೆ ಭಾಗೀರಥಿಯನ್ನು ಆರಿಸಿದ್ದಾರೆ. ಅವಳು ತವರಿಗೆ ಹೋಗುತ್ತಾಳೆ. ಅಪ್ಪ ಯಾಕೆ ಅಳುತ್ತೀ ಎಂದರೆ ನಿಜ ಹೇಳುವುದಿಲ್ಲ, ಅತ್ತೆ ಮಾವ ನಮ್ಮನ್ನು ಬೇರೆ ಇಡುತ್ತಾರಂತೆ ಎನ್ನುತ್ತಾಳೆ. ಅಪ್ಪ ಹೊಲಮನೆ ಕೊಡುತ್ತೇನೆ ಎನ್ನುತ್ತಾನೆ. ಎಳೆಯ ವಯಸ್ಸಿನಲ್ಲಿ ಇದನ್ನು ತ್ಯಾಗದ ಕತೆ ಎಂದು ನಮಗೆ ಪಾಠ ಮಾಡಿದರು. ನಾನೂ ಹಾಗೇ ನಂಬಿದ್ದೆ. ಈಗ ಬೇರೆಯದು ಕಾಣುತ್ತದೆ. ಮಗಳು ಹೆತ್ತವರ ಹತ್ತಿರ ನಿಜ ಹೇಳುವುದಿಲ್ಲ, ಹೆತ್ತವರಿಗೆ ಆಸ್ತಿ ಕೊಡುವುದು ಬಿಟ್ಟು ಬೇರೆ ಪರಿಹಾರ ತೋಚುವುದಿಲ್ಲ. ಭಾಗೀರಥಿ ನಿಜ ಹೇಳಿದ್ದು ಗೆಳತಿಗೆ ಮಾತ್ರ. ಆ ಗೆಳತಿ ಕೂಡ, ಅವರು ಇಟ್ಟ ಹಾಗೆ ಇರಬೇಕಮ್ಮ ಎಂದುಬಿಟ್ಟಳು. ರಾಯಚೂರಿನ ಆ ಹೆಂಗಸು ಹಾಗೆ ಹೇಳಲಿಲ್ಲ.

ಇದೆಲ್ಲ ದೊಡ್ಡವರ ಮನೆಯ ಪಾಡು, ನಮ್ಮಲ್ಲಿ ಹಾಗಿಲ್ಲ ಎಂದು ನೀವು ಅಂದುಕೊಂಡರೆ ನಾನು ಒಪ್ಪುವುದಿಲ್ಲ. ನಮ್ಮ ಹಟ್ಟಿಗಳಲ್ಲಿ, ವಠಾರಗಳಲ್ಲಿ ಗೋಡೆ ತೆಳು, ಸದ್ದು ಕೇಳುತ್ತದೆ, ನಿಜ. ಕೇಳಿ ಏನು ಮಾಡುತ್ತೇವೆ? ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂದು ಗಾದೆ ಹೇಳಿ ಬಾಗಿಲು ಹಾಕಿಕೊಳ್ಳುತ್ತೇವೆ. ಈ ಗಾದೆ ಕಟ್ಟಿದವನು ಖಂಡಿತ ಗಂಡಸು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ, 18ರಿಂದ 49 ವರ್ಷದೊಳಗಿನವರಲ್ಲಿ, ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದು ಹೇಳಿದರು. ಹಿಂದಿನ ಸಮೀಕ್ಷೆಯಲ್ಲಿ ಅದು ನೂರಕ್ಕೆ 21ರಷ್ಟಿತ್ತು. ಹೊಡೆತ ಹೆಚ್ಚಿತೋ, ಹೇಳುವ ಧೈರ್ಯ ಹೆಚ್ಚಿತೋ, ಎರಡೂ ಇರಬಹುದು. ಅದೇ ಸಮೀಕ್ಷೆಯ ಪ್ರಕಾರ ಇಡೀ ದೇಶದಲ್ಲಿ ಹಿಂಸೆಗೆ ಒಳಗಾದವರಲ್ಲಿ ಯಾರ ಹತ್ತಿರವಾದರೂ ಸಹಾಯ ಕೇಳಿದವರು ನೂರಕ್ಕೆ 14 ಮಾತ್ರ. ಈ ಸಭೆಯಲ್ಲಿ ಎಷ್ಟು ಜನ ಕೂತಿದ್ದೇವೆ ಎಂದು ಎಣಿಸಿ, ಮನಸ್ಸಿನಲ್ಲೇ ಲೆಕ್ಕ ಹಾಕಿ. ಕೈ ಎತ್ತುವುದು ಬೇಡ.

1990ರ ದಶಕದಲ್ಲಿ ನಾವು ಪತ್ರಿಕೆ ಬಿಚ್ಚಿದರೆ ‘ಸ್ಟೋವ್ ಸಿಡಿದು ಗೃಹಿಣಿ ಸಾವು’ ಎಂದು ಇರುತ್ತಿತ್ತು. ಎಲ್ಲ ಸ್ಟೋವುಗಳೂ ಸೊಸೆಯಂದಿರ ಮೇಲೇ ಏಕೆ ಸಿಡಿಯುತ್ತವೆ ಎಂದು ಕೇಳಿದವರು ಹೆಂಗಸರೇ. ಬೆಂಗಳೂರಿನ ವಿಮೋಚನಾ ಸಂಘಟನೆಯವರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ, ಸಾಯುತ್ತಿದ್ದವರ ಪಕ್ಕ ಕೂತು ಅವರ ಮಾತು ಕೇಳಿಸಿಕೊಂಡರು. ನೊಂದ ಹೆಂಗಸರಿಗಾಗಿ ಅವರು ನಡೆಸುವ ಕೇಂದ್ರಕ್ಕೆ ‘ಅಂಗಳ’ ಎಂದು ಹೆಸರಿಟ್ಟಿದ್ದಾರೆ. ಆ ಹೆಸರು ನನಗೆ ಬಹಳ ಇಷ್ಟ. ಅಂಗಳ ಎಂದರೆ ಮನೆಗೆ ಸೇರಿದ್ದೂ ಹೌದು, ಬೀದಿಯವರ ಕಣ್ಣಿಗೆ ಕಾಣುವುದೂ ಹೌದು. 2008ರಲ್ಲಿ ಬ್ರೇಕ್‌ಥ್ರೂ ಎಂಬ ಸಂಸ್ಥೆಯವರು ಟಿವಿಯಲ್ಲಿ ಒಂದು ಪ್ರಚಾರ ಮಾಡಿದ್ದರು. ಪಕ್ಕದ ಮನೆಯಲ್ಲಿ ಹೊಡೆಯುವ ಸದ್ದು ಕೇಳಿದರೆ ಹೋಗಿ ಬೆಲ್ ಬಾರಿಸಿ, ಒಂದು ಲೋಟ ಹಾಲು ಕೇಳಿದರೂ ಸಾಕು, ಆ ಕ್ಷಣಕ್ಕೆ ಕೈ ನಿಲ್ಲುತ್ತದೆ ಎಂದು. ನಮ್ಮ ಹಳ್ಳಿಗಳಲ್ಲಿ ಇದನ್ನು ನಾಳೆಯಿಂದಲೇ ಮಾಡಬಹುದು. ಹದಿನಾಲ್ಕನೇ ಮಹಡಿಯಲ್ಲಿ ಬೆಲ್ಲಿಗೆ ಕ್ಯಾಮೆರಾ ಇದೆ. ಅಲ್ಲಿಗೆ ಬೇರೆ ದಾರಿ ಬೇಕು.

ಆ ದಾರಿ ಕಾನೂನಿನಲ್ಲಿ ಇದೆ. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2006ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಅದರ ಮಾತು ಕೆಲವು ನೆನಪಿಟ್ಟುಕೊಳ್ಳಿ. ಮನೆ ಯಾರ ಹೆಸರಿನಲ್ಲೇ ಇರಲಿ, ಗಂಡನೊಡನೆ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ಅತ್ತೆಮಾವನ ಹೆಸರಿನ ಮನೆಯಾದರೂ ಅವಳನ್ನು ಕಾನೂನಿನ ದಾರಿ ಬಿಟ್ಟು ಹೊರಗೆ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಅಕ್ಟೋಬರಿನಲ್ಲಿ ಸ್ಪಷ್ಟಪಡಿಸಿತು. ಇದು ವಾಸದ ಹಕ್ಕು, ಒಡೆತನದ ಹಕ್ಕಲ್ಲ, ಎರಡನ್ನೂ ಕಲಸಬೇಡಿ. ಹಿಂಸೆ ನಡೆಯುತ್ತಿದೆ ಎಂದು ಯಾರು ಬೇಕಾದರೂ, ಮನೆಗೆಲಸದವಳಾದರೂ, ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಹಾಕಲು ಬರುವುದಿಲ್ಲ. ನಮ್ಮ ರಾಜ್ಯದಲ್ಲಿ ಆ ಅಧಿಕಾರಿ ಬೇರೆ ಯಾರೂ ಅಲ್ಲ, ನಿಮಗೆ ಅಂಗನವಾಡಿಯ ಮೂಲಕ ಗೊತ್ತಿರುವ ಸಿಡಿಪಿಒ.

ಇನ್ನೊಂದು ಮುಖ್ಯ ವಿಷಯ, ನನ್ನ ವಿದ್ಯಾರ್ಥಿನಿಗೆ ಉಪಯೋಗಕ್ಕೆ ಬಂದದ್ದು. ಹೊಡೆದದ್ದು ಬೆಂಗಳೂರಿನಲ್ಲಾದರೂ ಅರ್ಜಿಯನ್ನು ಬೆಂಗಳೂರಿನಲ್ಲೇ ಹಾಕಬೇಕಾಗಿಲ್ಲ. ಅವಳು ಈಗ ಎಲ್ಲಿ ವಾಸವಾಗಿದ್ದಾಳೋ, ತಾತ್ಕಾಲಿಕವಾಗಿ ಆದರೂ ಸರಿ, ಅಲ್ಲಿಯ ಮ್ಯಾಜಿಸ್ಟ್ರೇಟರ ಮುಂದೆ ಹಾಕಬಹುದು. ಅವಳು ತರೀಕೆರೆಯ ನ್ಯಾಯಾಲಯದಲ್ಲಿ ಹಾಕಿದ್ದಾಳೆ. ಹುಡುಗನ ಕಡೆಯವರು ಈಗ ಅಷ್ಟು ದೂರದಿಂದ ಇಲ್ಲಿಗೆ ಬರಬೇಕು. ನಮ್ಮ ಊರಿನ ಕೋರ್ಟಿನ ಗೇಟಿನಲ್ಲಿ ಅವರನ್ನು ಯಾರೂ ಮೊಬೈಲಿನಲ್ಲಿ ಒತ್ತಿ ಕೇಳುವುದಿಲ್ಲ, ಪಾಪ.

ನಿಮ್ಮಲ್ಲಿ ಒಬ್ಬರು ಆಗಲೇ ಚೀಟಿ ಕಳಿಸಿದ್ದಾರೆ: ‘ಗೇಟಿನಲ್ಲಿ ಬಿಡದಿದ್ದರೆ ಏನು ಮಾಡಬೇಕು?’ ಒಳ್ಳೆಯ ಪ್ರಶ್ನೆ. ಹಿಂದಿರುಗಿ ಬರಬೇಡಿ. ಅಲ್ಲೇ ನಿಂತು 112ಕ್ಕೆ ಫೋನು ಮಾಡಿ, ಮಗಳು ಅಪಾಯದಲ್ಲಿದ್ದಾಳೆ, ನೋಡಲು ಬಿಡುತ್ತಿಲ್ಲ ಎಂದು ಮನೆ ನಂಬರಿನ ಸಮೇತ ಹೇಳಿ. 181 ಮಹಿಳಾ ಸಹಾಯವಾಣಿ, ಅದಕ್ಕೂ ಮಾಡಿ. ನೀವು ಬಂದ ಹೊತ್ತು, ‘ಬೇಡ’ ಎಂದ ಹೊತ್ತು ಕಾವಲಿನವರ ಮೊಬೈಲಿನಲ್ಲಿ ದಾಖಲಾಗಿರುತ್ತದೆ. ನಾಳೆ ಅದೇ ನಿಮಗೆ ಸಾಕ್ಷಿ. ಕಾವಲಿನವನ ಮೇಲೆ ಕೂಗಾಡಬೇಡಿ, ಅವನೂ ಹೊಟ್ಟೆಪಾಡಿಗೆ ಬಂದವನು. ಪೊಲೀಸರನ್ನು ತಡೆಯುವ ಅಧಿಕಾರ ಮಾತ್ರ ಯಾವ ನಿವಾಸಿಗಳ ಸಂಘಕ್ಕೂ ಇಲ್ಲ.

ಆದರೆ ಗೇಟಿನವರೆಗೆ ಹೋಗುವ ಮುಂಚಿನ ಕೆಲಸ ಇಲ್ಲಿಯೇ ಇದೆ, ಅದು ದುಡ್ಡಿನ ಕೆಲಸ. ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳ ಸಮ ಪಾಲು ಎಂದು ಕಾನೂನು ಬಂತು. ದೇಶಕ್ಕೆಲ್ಲ ಬಂದದ್ದು 2005ರಲ್ಲಿ. ಆ ಪಾಲನ್ನು ನಾವು ಕೊಡುತ್ತಿಲ್ಲವೇ? ಕೊಡುತ್ತಿದ್ದೇವೆ, ಅಳಿಯನಿಗೆ ಕೊಡುತ್ತಿದ್ದೇವೆ. ಎರಡು ಎಕರೆ ತೋಟ ಮಾರಿದ ಹಣ ಅವಳ ಹೆಸರಿಗೆ ಇದ್ದಿದ್ದರೆ, ಅಥವಾ ತೋಟವೇ ಅವಳ ಹೆಸರಿನಲ್ಲಿ ಉಳಿದಿದ್ದರೆ, ವರ್ಷಕ್ಕೆ ಎಷ್ಟು ಕಾಯಿ ಕಿತ್ತರೂ ಆ ಹಣ ಅವಳದು. ಫ್ಲಾಟಿಗೇ ಹಾಕಬೇಕೆಂದರೆ ನೋಂದಣಿಯಲ್ಲಿ ಮೊದಲ ಹೆಸರು ಅವಳದಿರಲಿ ಎಂದು ಕೇಳಿ. ‘ನಿಮ್ಮ ಮಗಳೇ ಇರುವ ಮನೆ’ ಎಂದು ಹೇಳಿದವರು ಅದಕ್ಕೆ ಏನು ಹೇಳುತ್ತಾರೆ ನೋಡಿ. ಅವರ ಉತ್ತರದಲ್ಲಿ ಮುಂದಿನ ಬಾಳ್ವೆಯ ಅರ್ಧ ಜಾತಕ ಇರುತ್ತದೆ. ಹಕ್ಕು ಬಿಡುಗಡೆ ಪತ್ರಕ್ಕೆ ಮದುವೆಯ ಗಡಿಬಿಡಿಯಲ್ಲಿ ಸಹಿ ಹಾಕಿಸಬೇಡಿ.

ಮದುವೆಯಲ್ಲಿ ಕೊಟ್ಟ ವಡವೆ, ವಸ್ತು, ಹಣದ ಪಟ್ಟಿ ಬರೆದು ಎರಡೂ ಕಡೆಯವರ ಸಹಿ ಹಾಕಿಸಬೇಕೆಂದು 1985ರಿಂದಲೇ ನಿಯಮ ಇದೆ. ಸಂಘದ ನಡಾವಳಿ ಪುಸ್ತಕವನ್ನು ಅಷ್ಟು ಅಚ್ಚುಕಟ್ಟಾಗಿ ಬರೆಯುವವರು ನೀವು, ಇದೊಂದು ಪಟ್ಟಿ ಬರೆಯಲಾರಿರಾ? ಕೇಳಿದರೆ ಕೊಟ್ಟವರಿಗೂ ಶಿಕ್ಷೆ ಆಗುತ್ತದಲ್ಲ ಮೇಡಂ ಎಂದು ಹೆದರುತ್ತೀರಿ. ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ಕೊಡುವುದೂ ಅಪರಾಧ, ನಿಜ. ಆದರೆ ನೊಂದವರು ದೂರಿನಲ್ಲಿ ಹೇಳಿದ ಮಾತನ್ನೇ ಹಿಡಿದು ಅವರ ಮೇಲೆ ಕೇಸು ನಡೆಸುವಂತಿಲ್ಲ ಎಂದೂ ಅದೇ ಕಾಯ್ದೆಯಲ್ಲಿದೆ.

ಪುಸ್ತಕದ ಮಾತು ಬಂತು, ಒಂದು ಕಹಿ ಮಾತನ್ನೂ ಹೇಳಿಬಿಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಸಾಲದ ಪುಸ್ತಕಗಳಲ್ಲಿ ‘ಹಸು ಸಾಲ’, ‘ಹೊಲಿಗೆ ಯಂತ್ರದ ಸಾಲ’ ಎಂದು ಬರೆದಿರುತ್ತದೆ. ಹಟ್ಟಿಯಲ್ಲಿ ಹಸು ಇರುವುದಿಲ್ಲ. ಆ ಹಸು ಚಿನ್ನದ ಸರವಾಗಿ ಯಾವುದೋ ಹುಡುಗನ ಕೊರಳಿನಲ್ಲಿ ಇರುತ್ತದೆ. ವಾರ ವಾರ ಹತ್ತು, ಐವತ್ತು ಉಳಿಸಿ ಹೆಂಗಸರು ಕಟ್ಟಿದ ಹಣ ಹೆಂಗಸರನ್ನೇ ಮಾರುವ ಸಂತೆಗೆ ಹೋಗಬಾರದು. ಮಗಳ ಮದುವೆಗೆ ಊಟಕ್ಕೆ, ಬಟ್ಟೆಗೆ ಸಾಲ ಬೇಕೆಂದರೆ ಹಾಗೆಂದೇ ಬರೆದು ಕೊಡಿ. ಗಂಡಿಗೆ ಕೊಡಲು ಎಂದರೆ ಸಂಘ ಇಲ್ಲ ಎನ್ನಬೇಕು. ಹೀಗೆ ಹೇಳಿದರೆ ನಿಮ್ಮ ಮೇಲೆ ಸಿಟ್ಟಾಗುತ್ತಾರೆ, ಒಂದಿಬ್ಬರು ಸಂಘ ಬಿಡುತ್ತಾರೆ. ಬಿಟ್ಟವರು ಖಾಸಗಿ ಫೈನಾನ್ಸಿನವರ ಹತ್ತಿರ ಹೋಗುತ್ತಾರೆ ಎಂಬುದೂ ನನಗೆ ಗೊತ್ತು. ಸುಲಭದ ಉತ್ತರ ನನ್ನ ಹತ್ತಿರ ಇಲ್ಲ, ನೀವೇ ಕೂತು ಚರ್ಚಿಸಿ.

ನನ್ನ ವಿದ್ಯಾರ್ಥಿನಿ ಈಗ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಾಳೆ. ಜೀವನಾಂಶಕ್ಕೆ ಮಧ್ಯಂತರ ಆದೇಶ ಆಗಿದೆ, ಹಣ ಎರಡು ತಿಂಗಳು ಬಂತು, ನಿಂತಿತು, ಮತ್ತೆ ಅರ್ಜಿ ಹಾಕಿದೆವು. ಮುಂಗಡಕ್ಕೆ ಕೊಟ್ಟ ಹಣ ವಾಪಸು ಕೇಳಿದ್ದಾಳೆ. ಅದು ಯಾವಾಗ ಇತ್ಯರ್ಥವಾಗುತ್ತದೋ ಗೊತ್ತಿಲ್ಲ. ರಾಯಚೂರಿನ ಆ ಹೆಂಗಸಿಗೆ ಎರಡು ತಿಂಗಳು ಕೆಲಸ ಸಿಗಲಿಲ್ಲ, ಆಮೇಲೆ ಗೋಡೆಯ ಇನ್ನೊಂದು ಬದಿಯ ಬೇರೊಂದು ಸಮುಚ್ಚಯದಲ್ಲಿ ಸಿಕ್ಕಿತು. ಇವಳು ಪ್ರತಿ ಭಾನುವಾರ ಆಕೆಗೆ ಫೋನು ಮಾಡುತ್ತಾಳೆ.

ಮುಂದಿನ ವಾಯಿದೆ ಈ ತಿಂಗಳ ಕೊನೆಯಲ್ಲಿದೆ. ಆ ಕಡೆಯವರು ಕಾರಿನಲ್ಲಿ ಐದಾರು ಜನ ಬಂದಿಳಿಯುತ್ತಾರೆ. ನಮ್ಮ ಕಡೆ ಅವಳು, ಅವಳ ಅಪ್ಪ, ನಾನು, ಮೂರೇ ಜನ. ಅಪ್ಪ ಆ ಜನರನ್ನು ಕಂಡರೆ ಇವತ್ತಿಗೂ ಎದ್ದು ನಿಲ್ಲುತ್ತಾನೆ. ನೀವು ಒಂದು ಇಪ್ಪತ್ತು ಜನ ಬಂದು ಹೊರಗಿನ ಮರದ ಕೆಳಗೆ ಕೂತರೆ ಅವನು ಬಹುಶಃ ಎದ್ದು ನಿಲ್ಲುವುದಿಲ್ಲ. ನೀವು ಬಂದರೆ ತನಗೆ ಸಂಕೋಚವಿಲ್ಲ ಎಂದು ಅವಳೂ ಹೇಳಿದ್ದಾಳೆ. ಬಸ್ಸಿಗೆ ನಮಗೆ ಹೇಗೂ ದುಡ್ಡಿಲ್ಲ. ಕಡೂರಿನಿಂದ ಬರುವವರು ಬೀರೂರಿನ ಮೇಲೆ ಬನ್ನಿ, ಬೆಳಿಗ್ಗೆ ಹತ್ತೂವರೆಗೆ ತರೀಕೆರೆ ಬಸ್ ನಿಲ್ದಾಣದಲ್ಲಿ ಸೇರೋಣ. ತಾರೀಖು ಈಗ ಹೇಳುತ್ತೇನೆ, ಬರುವವರು ಹೆಸರು ಬರೆಸಿ. ಬುತ್ತಿ ನಾನು ತರುತ್ತೇನೆ, ಚಿತ್ರಾನ್ನ ಮತ್ತು ಮೊಸರನ್ನ, ಎಷ್ಟು ಜನಕ್ಕೆ ಎಂದು ತಿಳಿದರೆ ಸಾಕು.